ಎದಿಲ್ಸನ್ ತೊಟ್ಟು ಹೋದ ಪಾದ

ಸತ್ತವನಿಗಾಗಿ ನಡೆಯುವ ಒಂಬತ್ತು ದಿನದ ಪ್ರಾರ್ಥನೆ ಮುಗಿದು, ಬಾಡಿಗೆ ಕುರ್ಚಿಗಳು ಹೋಗಿ, ಮನೆ ಮತ್ತೆ ಮನೆಯಂತಾದ ಮೊದಲ ಬೆಳಿಗ್ಗೆ ಅರ್ನೊವಿಸ್ ಬಂದು ತನ್ನ ಪಾದ ವಾಪಸ್ ಕೇಳಿದ.

ಯುಲೈಮಾ ಆಗಷ್ಟೇ ಕಾಫಿ ಸೋಸಿದ್ದಳು. ಅಭ್ಯಾಸಬಲದಿಂದ ಎರಡು ಲೋಟಕ್ಕೆ ಸೋಸಿದ್ದಳು. ಎರಡನೆಯದನ್ನು ಚೆಲ್ಲುವುದೋ ಕುಡಿಯುವುದೋ ಎಂದು ನೋಡುತ್ತ ನಿಂತಿದ್ದಾಗ ಹೊಸ್ತಿಲಲ್ಲಿ ಊರುಗೋಲಿನ ಸದ್ದಾಯಿತು. ಲೋಟಕ್ಕೊಂದು ದಾರಿಯಾಯಿತು.

ಅರ್ನೊವಿಸ್ ಅವಳ ಗಂಡ ಎದಿಲ್ಸನ್ನನ ಗೆಳೆಯ. ಇಬ್ಬರಿಗೂ ಬಲಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಅರ್ನೊವಿಸನದು ಗುಡ್ಡದ ದಾರಿಯಲ್ಲಿ ಯಾರೋ ಹೂತಿಟ್ಟಿದ್ದ ಸಿಡಿಮದ್ದಿಗೆ ಹೋಗಿತ್ತು. ಎದಿಲ್ಸನ್ನನದು ಬಾಳೆಕಾಯಿ ಲಾರಿಗೆ. "ನಂದು ಯುದ್ಧಕ್ಕೆ ಹೋಗಿದ್ದು ಕಣೋ" ಎಂದು ಅರ್ನೊವಿಸ್ ಎದೆಯುಬ್ಬಿಸಿದರೆ, "ನಂದು ಊಟಕ್ಕೆ ಹೋಗಿದ್ದು, ನಿಂದಕ್ಕಿಂತ ಉಪಯೋಗ ಆಯ್ತು" ಎನ್ನುತ್ತಿದ್ದ ಎದಿಲ್ಸನ್.

ಒಂಬತ್ತು ಸಂಜೆಯೂ ಅರ್ನೊವಿಸ್ ಪ್ರಾರ್ಥನೆಗೆ ಬಂದಿದ್ದ. ಮೂಲೆಯಲ್ಲಿ ಕೂತು ಯುಲೈಮಾಳನ್ನೇ ನೋಡುತ್ತ, ದಡಕ್ಕೆಳೆದ ಮೀನಿನಂತೆ ಬಾಯಿ ತೆರೆದು, ಮುಚ್ಚಿ, ಎದ್ದು ಹೋಗಿದ್ದ. ದುಃಖ ಎಂದುಕೊಂಡಿದ್ದಳು ಯುಲೈಮಾ. ಪಕ್ಕದ ಮನೆಯ ಹಿರಿಯಳು ದೋನ್ಯಾ ಬಸಿಲಿಯಾ ಬೇರೇನೋ ಅಂದುಕೊಂಡು, ಅದನ್ನು ಬೀದಿಯ ಆಚೆ ತುದಿಯವರೆಗೂ ಹಂಚಿದ್ದಳು.

"ಅತ್ಗೆ, ಕೇಳೋಕೆ ನಾಚಿಕೆ ಆಗುತ್ತೆ," ಎಂದ ಅರ್ನೊವಿಸ್, ಕಾಫಿ ಲೋಟದೊಳಗೆ ನೋಡುತ್ತ.

"ಕೇಳಿ."

"ಕಾಲಿನ ಗಾಡಿ ಬಂದಿದೆ. ಚೌಕದಲ್ಲಿ ನಿಂತಿದೆ. ನಾಲ್ಕು ಗಂಟೆಗೆ ಹೊರಟು ಹೋಗುತ್ತಂತೆ."

ಕಾಲಿನ ಗಾಡಿ ಎಂದರೆ ವರ್ಷಕ್ಕೊಮ್ಮೆ ನಗರದಿಂದ ಬರುವ ಸಂಚಾರಿ ಕೃತಕಾಂಗ ಕಾರ್ಯಾಗಾರ. ಮೂರು ವರ್ಷ ಸವೆದ ಪಾದ ಕೊಟ್ಟರೆ ಹೊಸ ಪಾದ ಕೊಡುತ್ತಾರೆ. ಹಳೆಯದು ಕೈಗೆ ಬರದೆ ಹೊಸದರ ಪೊಟ್ಟಣ ಬಿಚ್ಚುವುದೇ ಇಲ್ಲ. ಹಿಂದೆ ಯಾರೋ ಹಳೆಯದನ್ನು ಮಾರಿಕೊಂಡು, ಕಳೆದುಹೋಯಿತೆಂದು ಅತ್ತು, ಹೊಸದನ್ನು ತೊಟ್ಟು ಕುಣಿದಿದ್ದರಂತೆ. ಅಂದಿನಿಂದ ಈ ನಿಯಮ.

"ನನ್ನ ಪಾದ ಎದಿಲ್ಸನ್ ಹತ್ರ ಇತ್ತಲ್ಲ," ಎಂದ ಅರ್ನೊವಿಸ್.

ಯುಲೈಮಾಗೆ ನೆನಪಾಯಿತು. ಎದಿಲ್ಸನ್ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುತ್ತಿದ್ದ. ಮೇ ತಿಂಗಳಲ್ಲಿ ಒಂದು ದಿನ ದೋಣಿಗೂ ಕಟ್ಟೆಗೂ ನಡುವೆ ಅವನ ಪಾದ ಸಿಕ್ಕಿ, ಕಳಚಿ, ನದಿಗೆ ಬಿತ್ತು. ಆ ನದಿ ಒಮ್ಮೆ ತೆಗೆದುಕೊಂಡದ್ದನ್ನು ಯಾರಿಗೂ ತೋರಿಸಿದ್ದಿಲ್ಲ. ಅದೇ ವಾರ ಅರ್ನೊವಿಸನ ಮೊಂಡುಗಾಲಿನಲ್ಲಿ ಹುಣ್ಣೆದ್ದು, ಮೂರು ತಿಂಗಳು ಕಾಲು ತೊಡಬಾರದೆಂದು ಡಾಕ್ಟರು ಹೇಳಿದ್ದರು. ಮೊಂಡುಗಾಲು ಕೂರುವ ಬಟ್ಟಲು ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಪಾದ ಹಾಗಲ್ಲ, ಬೂಟಿನ ಅಳತೆ ಒಂದೇ ಆದರೆ ಯಾರ ಪಾದವೂ ಯಾರಿಗೂ ಆದೀತು. ಅರ್ನೊವಿಸ್ ತನ್ನದನ್ನು ಬಿಚ್ಚಿ ಗೆಳೆಯನಿಗೆ ಕೊಟ್ಟಿದ್ದ. ಆಮೇಲೆ ಎದಿಲ್ಸನ್ನನಿಗೆ ಜ್ವರ ಬಂತು. ಮೂರೇ ದಿನದ ಜ್ವರ, ಅದರಲ್ಲೇ ತೀರಿಕೊಂಡ.

"ಈಗ ಹುಣ್ಣು ಒಣಗಿದೆ," ಎಂದ ಅರ್ನೊವಿಸ್. "ಬೈಕಿನ ಹಿಂದಿನ ಬ್ರೇಕು ಬಲಗಾಲಲ್ಲಿ ತುಳೀಬೇಕು ಅತ್ಗೆ. ನನ್ನ ಬೈಕಲ್ಲಿ ಬಾಡಿಗೆ ಹೊಡೀತಿರೋನು ನನ್ನ ಭಾಮೈದ. ನನ್ನನ್ನೇ ಊಟಕ್ಕೆ ಕರೀತಾನೆ, ನನ್ನ ಮನೇಲೇ. ಇವತ್ತು ಪಾದ ಸಿಗಲಿಲ್ಲ ಅಂದ್ರೆ ಪಟ್ಟೀಲಿ ಕೊನೇಗೆ ಹಾಕ್ತಾರೆ. ಎರಡು ವರ್ಷ. ಎಲ್ಲಿಟ್ಟಿದ್ದೀರಿ ಅದನ್ನ?"

ಯುಲೈಮಾ ತನ್ನ ಲೋಟ ಕೆಳಗಿಟ್ಟಳು.

"ಅವರು ತೊಟ್ಕೊಂಡು ಹೋದ್ರು," ಎಂದಳು.

"ಎಲ್ಲಿಗೆ?"

ಅವಳು ಅವನ ಮುಖ ನೋಡಿದಳು.

"ಓ," ಎಂದ ಅರ್ನೊವಿಸ್.

ಗೋಡೆಯಾಚೆಯಿಂದ ಕೆಮ್ಮು ಕೇಳಿಸಿತು. ದೋನ್ಯಾ ಬಸಿಲಿಯಾ ಬಾಗಿಲು ತಟ್ಟುವವಳಲ್ಲ. ಮೊದಲು ಕೆಮ್ಮು ಬರುತ್ತದೆ, ಹಿಂದೆಯೇ ಅವಳು.

"ನಾನೇ ಹಾಕ್ಸಿದ್ದು," ಎಂದಳು ಬಂದವಳೇ. "ತಪ್ಪೇನು? ದೇವರ ಮುಂದೆ ಕುಂಟ್ಕೊಂಡು ಹೋಗ್ಬೇಕಿತ್ತಾ? ನಮ್ಮ ಬೀದೀಲಿ ಯಾರನ್ನೂ ಅರ್ಧಂಬರ್ಧ ಕಳ್ಸಿಲ್ಲ. ಹಲ್ಲಿನ ಸೆಟ್ಟು ಇದ್ದೋರಿಗೆ ಹಲ್ಲು, ಕನ್ನಡಕ ಇದ್ದೋರಿಗೆ ಕನ್ನಡಕ. ನಮ್ಮೋರಿಗೆ ಕಿವಿ ಮಿಷನ್ ಹಾಕಿ, ಅದಕ್ಕೆ ಹೊಸ ಸೆಲ್ಲೂ ಹಾಕಿ ಕಳ್ಸಿದೀನಿ. ಇಲ್ಲಿ ನನ್ನ ಮಾತು ಕೇಳ್ಲಿಲ್ಲ, ಅಲ್ಲಾದ್ರೂ ಯಾರದ್ದಾದ್ರೂ ಕೇಳ್ಲಿ."

"ದೋನ್ಯಾ, ಆ ಪಾದ ನಂದು," ಎಂದ ಅರ್ನೊವಿಸ್.

ಬಸಿಲಿಯಾ ಕುರ್ಚಿ ಹುಡುಕಿ ಕೂತಳು. ಅವಳ ಮುಖದಲ್ಲಿ ದೊಡ್ಡ ಯೋಚನೆಯೊಂದು ಬಾಗಿಲು ಸಿಗದ ಹಸುವಿನಂತೆ ಅತ್ತಿತ್ತ ಓಡಾಡಿತು.

"ಅಂದ್ರೆ ಎದಿಲ್ಸನ್ ಈಗ ಕಳ್ಳನ ಹಾಗೆ ನಿಂತಿದ್ದಾನೆ ಮೇಲೆ," ಎಂದಳು ಕೊನೆಗೆ. "ಇನ್ನೊಬ್ಬನ ಕಾಲ ಮೇಲೆ. ಅಯ್ಯೋ ಮಗಳೆ! ಏಳು. ಮುಖ ತೊಳ್ಕೊ. ತೆಗೆಸ್ಬೇಕು."

ಯುಲೈಮಾ ಎದ್ದು ಮುಖ ತೊಳೆದಳು. ಹತ್ತು ದಿನದಿಂದ ಯಾರು ಏನು ಹೇಳಿದರೂ ಹಾಗೆಯೇ ಮಾಡುತ್ತಿದ್ದಳು. ಹೇಳುವವರು ಇರುವಷ್ಟು ಹೊತ್ತು ಯೋಚಿಸುವ ಕೆಲಸವಿರಲಿಲ್ಲ. ಆದರೆ ಈಗ ಒಂದು ಮಾತು ಅವಳಿಗೆ ತಾನಾಗಿಯೇ ತೋಚಿತು. ಎದಿಲ್ಸನ್ ಪಕ್ಕದವರಿಂದ ಒಂದು ಮೊಳೆ ತಂದರೂ ಸಂಜೆಯೊಳಗೆ ಹಿಂದಿರುಗಿಸುವ ಮನುಷ್ಯ. ಇದೊಂದು ಉಳಿದಿದೆ. ಇದನ್ನು ಮುಗಿಸಬೇಕು. ಅಡಿಗೆಮನೆಯ ಡ್ರಾಯರಿನಿಂದ ಪಾದದ ಸ್ಕ್ರೂ ಬಿಚ್ಚುವ ಅಲೆನ್ ಕೀ ತೆಗೆದು ಲಂಗದ ಜೇಬಿಗೆ ಹಾಕಿಕೊಂಡಳು.

ಪುರಸಭೆಯಲ್ಲಿ ಸ್ಮಶಾನದ ವಿಭಾಗ ನೋಡುವವನು ಲಿಸಿಮಾಕೊ. ತೆಳ್ಳಗೆ, ಚೂಪಾಗಿ, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು, ತಾನೇ ಇನ್ನೊಂದು ಪೆನ್ಸಿಲಿನಂತೆ ಕೂತಿದ್ದ. ಬಸಿಲಿಯಾ ಎಲ್ಲವನ್ನೂ ಎರಡು ಸಲ ಹೇಳಿದಳು, ಎರಡನೆಯ ಸಲ ಗಟ್ಟಿಯಾಗಿ.

"ಹೆಣ ಹೊರಗೆ ತೆಗೀಬೇಕಾದ್ರೆ ನಾಲ್ಕು ವರ್ಷ ಆಗ್ಬೇಕು," ಎಂದ ಲಿಸಿಮಾಕೊ. "ಆಮೇಲೆ ಬನ್ನಿ."

"ಹೆಣ ಬೇಡ ಸಾರ್. ಪಾದ ಸಾಕು," ಎಂದ ಅರ್ನೊವಿಸ್.

"ಪಾದ ಹೆಣದ ಭಾಗ ತಾನೇ?"

"ಅಲ್ಲ. ಅದು ನನ್ನ ಭಾಗ."

"ನೀವು ಹೆಣಾನಾ?"

"ಅಲ್ಲ ಸಾರ್."

"ಹಾಗಾದ್ರೆ ನಿಮಗೆ ನಮ್ಮ ವಿಭಾಗ ಬರಲ್ಲ. ಬದುಕಿರೋರ ದೂರುಗಳು ಮಹಡಿ ಮೇಲೆ."

ಮಹಡಿಗೆ ಮೂವತ್ತೆರಡು ಮೆಟ್ಟಿಲು. ಅರ್ನೊವಿಸ್ ಊರುಗೋಲಿನಲ್ಲಿ ಹತ್ತಿ ಹೋಗಿ, ಸಮಾಧಿಯೊಳಗಿರುವ ವಸ್ತು ಸ್ಮಶಾನ ವಿಭಾಗಕ್ಕೆ ಸೇರಿದ್ದೆಂದು ಕೇಳಿಕೊಂಡು ಇಳಿದು ಬಂದ. ಅಷ್ಟರಲ್ಲಿ ಹನ್ನೆರಡಾಯಿತು. ಲಿಸಿಮಾಕೊ ಪೆನ್ಸಿಲನ್ನು ಕಿವಿಯಿಂದ ತೆಗೆದು, ಕಿಟಕಿ ಹಾಕಿ, ಊಟಕ್ಕೂ ನಿದ್ದೆಗೂ ಹೊರಟ.

"ಎರಡು ಗಂಟೆಗೆ," ಎಂದ.

ಕಚೇರಿಯ ಜಗಲಿಯ ಮೇಲೆ ಎರಡು ಗಂಟೆ ಕೂತರು. ಬಿಸಿಲು ಬಿಳಿಯಾಗಿತ್ತು. ತೆಂಗಿನಕಾಯಿ ಮಿಠಾಯಿ ಮಾರುವವಳು ಬುಟ್ಟಿ ಇಳಿಸಿ ವಿಷಯ ಕೇಳಿಕೊಂಡಳು. ಅವಳು ಊರು ಸುತ್ತಿ ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತಾಯಿತು. ಒಬ್ಬರಾದ ಮೇಲೆ ಒಬ್ಬರು ಬಂದು ಯುಲೈಮಾಳ ಭುಜ ಮುಟ್ಟಿ ಸಲಹೆ ಕೊಟ್ಟರು. ಬಿಷಪ್ಪರಿಗೆ ಬರೆಯಬೇಕು ಎಂದ ಒಬ್ಬ. ಬರೆಯಬಾರದು, ಫೋನ್ ಮಾಡಬೇಕು ಎಂದ ಇನ್ನೊಬ್ಬ. ಪಾದವನ್ನು ಅಲ್ಲೇ ಬಿಟ್ಟು, ಗಾಡಿಯವರನ್ನೇ ಸ್ಮಶಾನಕ್ಕೆ ಕರೆದೊಯ್ದು, ಹೆಣವಿಟ್ಟು ಮುಚ್ಚಿದ ಗೋಡೆಯನ್ನು ಹೊರಗಿನಿಂದ ತೋರಿಸಿದರಾಗದೇ ಎಂದು ಮೂರನೆಯವನು ಕೇಳಿದ.

"ಗೋಡೆ ತೋರ್ಸಿ ಪಾದ ಕೇಳ್ಬೇಕಾ?" ಎಂದಳು ಬಸಿಲಿಯಾ. "ನಿನ್ನ ತಲೇನೂ ಯಾರೋ ಹೂತು ಬಿಟ್ಟಿದ್ದಾರೆ ಕಣೋ."

ಒಂದೂವರೆಗೆ ಕೊಕ್ಕರೆಗಳು ಬಂದರು. ಊರಿನ ಒಂಟಿಕಾಲಿನವರ ಫುಟ್‌ಬಾಲ್ ತಂಡದ ಹೆಸರು ಅದು. ಆರು ಜನ ಊರುಗೋಲಿನಲ್ಲಿ ಆಡುವವರು, ಒಬ್ಬ ಒಂಟಿಗೈಯ ಗೋಲ್‌ಕೀಪರ್, ಎಲ್ಲರ ಬಾಯಲ್ಲಿ ಗೋಲಿ. ಎದಿಲ್ಸನ್ ಬದುಕಿದ್ದಾಗ ಅದರಲ್ಲಿ ಎಡಗಡೆಯ ಫಾರ್ವರ್ಡ್, ಅರ್ನೊವಿಸನೂ ಅದೇ ತಂಡದವನು. ಶವಯಾತ್ರೆಯ ದಿನ ಪಂದ್ಯವಿದ್ದುದರಿಂದ ಅವರಿಗೆ ಬರಲಾಗಿರಲಿಲ್ಲ. ಇವತ್ತು ಬಿಡುವಾಗಿದ್ದರು.

ಎರಡೂಕಾಲು ಗಂಟೆಗೆ ಲಿಸಿಮಾಕೊ ಕಿಟಕಿ ತೆರೆದು ಎದುರಿಗಿದ್ದ ಜನ ನೋಡಿ ಮತ್ತೆ ಮುಚ್ಚಲು ಹೋದ. ಆಗ ಯುಲೈಮಾ ಮುಂದೆ ಬಂದಳು. ಅವಳು ನಗರದಲ್ಲಿ ಐದು ವರ್ಷ ಇತಿಹಾಸ ಓದಿದ್ದಳು. ಆ ಓದಿನಿಂದ ಕೈಯಲ್ಲಿ ಉಳಿದದ್ದು ಬೇಸರಪಡದೆ ನಿಯಮಾವಳಿ ಓದುವ ಶಕ್ತಿಯೊಂದೇ. ಅವನ ಮೇಜಿನ ಮೇಲಿದ್ದ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಹಾಳೆ ಮಗುಚಿದಳು.

"ಹೆಣ ಇಟ್ಟಿರೋ ಗೂಡಿನ ದುರಸ್ತಿಗೆ ಹತ್ತಿರದ ಸಂಬಂಧಿ ಅರ್ಜಿ ಕೊಟ್ರೆ ಅದೇ ದಿನ ಅಪ್ಪಣೆ ಕೊಡಬಹುದು," ಎಂದು ಓದಿದಳು. "ದುರಸ್ತಿ ಮಾಡೋವಾಗ ಗೂಡು ತೆರೀಬಹುದು ಅಂತಾನೂ ಇದೆ."

ಬೆಳಗಿನಿಂದ ಅವಳು ಆಡಿದ ಅತಿ ಉದ್ದದ ಮಾತು ಅದು. ಲಿಸಿಮಾಕೊನ ಮುಖ ಅರಳಿತು. ಅವನು ಕೆಟ್ಟವನಲ್ಲ, ಸರಿಯಾದ ಕಾಗದ ಸಿಕ್ಕರೆ ಯಾವ ಉಪಕಾರಕ್ಕೂ ತಯಾರಿದ್ದ.

"ಇದನ್ನ ಬೆಳಿಗ್ಗೇನೇ ಹೇಳ್ಬಾರ್ದಿತ್ತಾ ತಾಯಿ?" ಎಂದು ಅಪ್ಪಣೆ ಬರೆದ. "ಕಾರಣ: ಗಾರೆ ಕಳಪೆ. ಬಿರುಕು ಬಿಟ್ಟಿದೆ."

ಅಲ್ಲಿಂದ ಸ್ಮಶಾನಕ್ಕೆ ಹೊರಟ ಮೆರವಣಿಗೆ ಎದಿಲ್ಸನ್ನನ ಶವಯಾತ್ರೆಗಿಂತ ದೊಡ್ಡದಾಗಿತ್ತು. ಮುಂದೆ ಊರುಗೋಲುಗಳ ಟಕಟಕ, ಹಿಂದೆ ಬಸಿಲಿಯಾಳ ಕೊಡೆ, ಅದರ ಹಿಂದೆ ಮಿಠಾಯಿ ಬುಟ್ಟಿ.

ಊರಿನ ಸ್ಮಶಾನದಲ್ಲಿ ಹೆಣಗಳನ್ನು ಗೋಡೆಯಲ್ಲಿ, ಒಂದರ ಮೇಲೊಂದು ಇರುವ ಗೂಡುಗಳಲ್ಲಿ ಇಟ್ಟು, ಇಟ್ಟಿಗೆ ಕಟ್ಟಿ ಗಾರೆ ಬಳಿಯುತ್ತಾರೆ. ಕಟ್ಟುವವನೂ ಕಾಯುವವನೂ ತುಲಿಯೊ. ಅರವತ್ತು ದಾಟಿದ ಮೇಸ್ತ್ರಿ. ಅಪ್ಪಣೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಓದಿ ಮುಗಿಸಿ, ಮಡಿಸಿ ಯುಲೈಮಾಳ ಕೈಗೇ ಕೊಟ್ಟ.

"ಯಾರು ಹೇಳಿದ್ದು ಕಳಪೆ ಅಂತ?"

"ಅದು ಸುಮ್ನೆ ಕಾಗದಕ್ಕೆ ತುಲಿಯೊ ಮಾಮ," ಎಂದ ಅರ್ನೊವಿಸ್. "ಬಿರುಕೇನೂ ಇಲ್ಲ."

"ಬಿರುಕಿಲ್ಲ ಅಂದ್ರೆ ದುರಸ್ತಿ ಯಾಕೆ? ಬಿರುಕಿದೆ ಅಂದ್ರೆ ನನ್ನ ಮರ್ಯಾದೆ ಎಲ್ಲಿ?" ತುಲಿಯೊ ಟೋಪಿ ತೆಗೆದ. "ಮೂವತ್ತೊಂದು ವರ್ಷ ಆಯ್ತು. ನನ್ನ ಗೂಡುಗಳ ಒಳಗಿಂದ ಇವತ್ತಿನವರೆಗೂ ಒಬ್ರೂ ದೂರು ಹೇಳಿಲ್ಲ."

"ಮಾಮ, ಗಂಟೆ ಮೂರಾಯ್ತು."

"ಆಗ್ಲಿ."

"ಗಾಡಿ ಹೋಗುತ್ತೆ."

"ಹೋಗ್ಲಿ. ಬಿರುಕು ತೋರ್ಸಿ, ಒಡೀತೀನಿ."

ಅರ್ನೊವಿಸ್ ಮಾತಾಡದೆ ಊರುಗೋಲನ್ನು ತಿರುಗಿಸಿ ಗಾರೆಗೆ ಒಂದು ಬಿಟ್ಟ. ಊರುಗೋಲಿನ ರಬ್ಬರ್ ಹಾರಿ ಪಕ್ಕದ ಗೂಡಿನ ಹೂಗಳಲ್ಲಿ ಬಿತ್ತು. ಇಬ್ಬರು ಕೊಕ್ಕರೆಗಳು ಮುಂದೆ ಬಂದು ಹೊಡೆದರು. ಬಸಿಲಿಯಾ ಕೊಡೆಯ ತುದಿಯಲ್ಲಿ ತಿವಿದಳು. ಗಾರೆಯ ಮೇಲೆ ಒಂದು ಗೀರೂ ಮೂಡಲಿಲ್ಲ.

"ನೋಡಿದ್ರಾ?" ತುಲಿಯೊನ ಎದೆ ಉಬ್ಬಿತು. "ಇದು ಮೇಸ್ತ್ರಿ ಕೆಲಸ ಅಂದ್ರೆ. ಊರುಗೋಲು ಹಾಗಿರ್ಲಿ, ಸುತ್ತಿಗೇಲಿ ಹೊಡೆದ್ರೂ—" ಎಂದು ಪಕ್ಕದಲ್ಲಿದ್ದ ಸುತ್ತಿಗೆ ಎತ್ತಿ, ತೋರಿಸುವುದಕ್ಕಾಗಿ, ಒಂದು ಏಟು ಕೊಟ್ಟ.

ಗಾರೆ ಮೂಲೆಯಿಂದ ಮೂಲೆಗೆ ಸೀಳಿತು. ಒಂದು ಇಟ್ಟಿಗೆ ಒಳಕ್ಕೆ ಬಿದ್ದ ಸದ್ದಾಯಿತು.

ಎಲ್ಲರೂ ತುಲಿಯೊನನ್ನು ನೋಡಿದರು. ತುಲಿಯೊ ಸೀಳನ್ನು ನೋಡಿದ.

"ಈ ಸಲದ ಸಿಮೆಂಟು ಸರಿ ಇರ್ಲಿಲ್ಲ," ಎಂದು ಮೆಲ್ಲಗೆ ಹೇಳಿ ಒಡೆಯತೊಡಗಿದ.

ಇಟ್ಟಿಗೆ ಕೀಳುತ್ತ ಹೋದಂತೆ ಜನ ಹಿಂದೆ ಹಿಂದೆ ಸರಿದರು. ವಾಸನೆ ಬಂತು. ಮಿಠಾಯಿಯವಳು ಬುಟ್ಟಿ ಎತ್ತಿಕೊಂಡು ಹೋದಳು. ಯಾರೋ ರಮ್ಮಿನಲ್ಲಿ ಅದ್ದಿದ ಕರವಸ್ತ್ರ ಕೊಟ್ಟರು. ಯುಲೈಮಾ ಮೂಗಿಗೆ ಕಟ್ಟಿಕೊಂಡಳು. ಪೆಟ್ಟಿಗೆಯನ್ನು ತಲೆ ಒಳಗೆ, ಕಾಲು ಹೊರಗೆ ಬರುವಂತೆ ದೂಡಿದ್ದರು. ತುಲಿಯೊ ಕಾಲಕಡೆಯ ಹಲಗೆಯ ಸ್ಕ್ರೂಗಳನ್ನು ತೆಗೆದು, ಹಲಗೆ ಸರಿಸಿ, ಮುಖ ತಿರುಗಿಸಿಕೊಂಡು ನಿಂತ.

"ಯಾರು ಬಿಚ್ಚೋದು?" ಎಂದ.

ಕೊಕ್ಕರೆಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅರ್ನೊವಿಸ್ ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ. ಅವನ ಬಾಯಿ ತೆರೆಯಿತು, ಮುಚ್ಚಿತು.

ಯುಲೈಮಾ ಜೇಬಿನಿಂದ ಅಲೆನ್ ಕೀ ತೆಗೆದಳು.

ಮದುವೆಯ ಕಪ್ಪು ಬೂಟುಗಳು ಎರಡೂ ಜೊತೆಯಾಗಿ ಇದ್ದವು. ಎಡಗಡೆಯದನ್ನು ಅವಳು ನೋಡಲಿಲ್ಲ. ಬಲಗಡೆ ಪ್ಯಾಂಟಿನ ಅಂಚನ್ನು ಎರಡು ಮಡಿಕೆ ಮೇಲಕ್ಕೆ ಮಾಡಿದಳು. ಕೊಳವೆ, ಅದರ ಬುಡದಲ್ಲಿ ನಾಲ್ಕು ಸಣ್ಣ ಸ್ಕ್ರೂ. ನಾಲ್ಕನ್ನೂ ಸಡಿಲಿಸಬಾರದು, ಅಕ್ಕಪಕ್ಕದ ಎರಡನ್ನು ಮಾತ್ರ ಸಡಿಲಿಸಬೇಕು, ಇಲ್ಲದಿದ್ದರೆ ನಡಿಗೆಯ ಅಳತೆ ಕೆಡುತ್ತದೆ. ಎದಿಲ್ಸನ್ ದಿನಾ ಹೇಳುತ್ತಿದ್ದ. ಅವನ ಬೆನ್ನು ನೋಯುವ ದಿನಗಳಲ್ಲಿ ಅವಳೇ ಮಾಡಿದ್ದಳು. ಈಗ ಕೆಡಲು ಯಾವ ನಡಿಗೆಯೂ ಇರಲಿಲ್ಲ. ಆದರೂ ಎರಡನ್ನೇ ಸಡಿಲಿಸಿದಳು.

ಪಾದ ಬೂಟಿನ ಸಮೇತ ಅವಳ ಕೈಗೆ ಬಂತು. ಬೂಟಿಗೆ ಬೂಷ್ಟು ಹಿಡಿದಿತ್ತು. ಒಳಗಿನ ಪಾದ ಹಾಗೇ ಇತ್ತು. ಅವನಲ್ಲಿ ಬದಲಾಗದೆ ಉಳಿದಿದ್ದ ಭಾಗ ಅದೊಂದೇ. ಪ್ಯಾಂಟಿನ ಮಡಿಕೆ ಇಳಿಸಿ, ಖಾಲಿ ಕೊಳವೆಯ ಮೇಲೆ ನೇರ ಮಾಡಿದಳು.

"ಮೂರೂ ಮೂವತ್ತೈದು," ಎಂದ ಗೋಲಿ, ಒಂಟಿಗೈಯ ಗಡಿಯಾರ ನೋಡಿಕೊಂಡು. ಇನ್ನೊಂದು ಕೈಯಿಲ್ಲದ ಅವನು ಗಡಿಯಾರವನ್ನು ಹೇಗೆ ಕಟ್ಟಿಕೊಳ್ಳುತ್ತಾನೆಂದು ಯುಲೈಮಾಗೆ ಎಷ್ಟೋ ಸಲ ಅನ್ನಿಸಿತ್ತು. ಇವತ್ತೂ ಕೇಳಲಿಲ್ಲ.

ಚೌಕಕ್ಕೆ ಓಡಿದರು. ಅರ್ನೊವಿಸ್ ಎಲ್ಲರಿಗಿಂತ ಮುಂದೆ. ಊರುಗೋಲಿನಲ್ಲಿ ಅವನನ್ನು ಹಿಡಿಯುವವರು ಜಿಲ್ಲೆಯಲ್ಲಿರಲಿಲ್ಲ. ಯುಲೈಮಾ ಸಂತೆಚೀಲದಲ್ಲಿ ಪಾದ ಹಾಕಿಕೊಂಡು ಹಿಂದೆ. ಚೀಲದ ಬಾಯಿಂದ ಬೂಟಿನ ಮೂತಿ ಇಣುಕುತ್ತಿತ್ತು. ದಾರಿಯಲ್ಲಿ ನಿಂತವರು ಶಿಲುಬೆಯ ಗುರುತು ಮಾಡಿಕೊಂಡರು. ಒಬ್ಬ ಮುದುಕ ಟೋಪಿ ತೆಗೆದ, ಬೂಟಿಗೋ ಯುಲೈಮಾಗೋ ಗೊತ್ತಾಗಲಿಲ್ಲ.

ಗಾಡಿಯ ಹೆಂಗಸು ಹಿಂಬಾಗಿಲು ಎಳೆಯುತ್ತಿದ್ದಳು. ಬಿಳಿ ಕೋಟು, ದಪ್ಪ ಕನ್ನಡಕ, ಇಡೀ ದಿನ ಕಾಲುಗಳನ್ನು ಕಂಡು ದಣಿದ ಮುಖ.

"ಬಂದೆ! ಪಾದ ಬಂತು!" ಎಂದು ಅರ್ನೊವಿಸ್ ಬಾಗಿಲಿಗೆ ಊರುಗೋಲು ಅಡ್ಡ ಕೊಟ್ಟ.

ಅವಳು ನಿಟ್ಟುಸಿರು ಬಿಟ್ಟು ಮಡಿಸಿದ ಮೇಜನ್ನು ಮತ್ತೆ ಬಿಡಿಸಿದಳು. ಬೂಟು ಕಳಚಿ, ಪಾದದ ರಬ್ಬರ್ ಕವಚ ಕಳಚಿ, ಒಳಗಿನ ಲೋಹವನ್ನು ಸ್ಪಿರಿಟಿನಲ್ಲಿ ಒರೆಸಿ, ಟಾರ್ಚ್ ಹಾಕಿ ನಂಬರು ಓದಿದಳು. ದಪ್ಪ ಪುಸ್ತಕ ತೆರೆದು ಬೆರಳು ಓಡಿಸಿದಳು.

"ಎದಿಲ್ಸನ್ ಬರ್ರಾಸಾ," ಎಂದಳು.

"ಅವನ ಕಾಲಲ್ಲಿ ಇದ್ದಿದ್ದು. ಆದ್ರೆ ಪಾದ ನಂದು. ನಾನು ಅರ್ನೊವಿಸ್ ಪಾದಿಯಾ."

"ನಿಮ್ಮ ನಂಬರು ಕೊನೇಲಿ ನಾಲ್ಕು. ಇದು ಏಳು. ಇದು ಎದಿಲ್ಸನ್ ಬರ್ರಾಸಾ ಅವರಿಗೇ ಕೊಟ್ಟಿದ್ದು."

"ಏನಮ್ಮಾ, ಇಷ್ಟು ವರ್ಷ ನಡೆದೋನು ನಾನು, ನನ್ನ ಪಾದ ನನಗೆ ಗೊತ್ತಿಲ್ವಾ?"

"ನೋಡ್ಕೊಳ್ಳಿ."

ಅರ್ನೊವಿಸ್ ನೋಡಿದ. ಏಳೇ ಇತ್ತು. ಆಮೇಲೆ ಗೋಲಿ ಒಂಟಿಗೈಯಿಂದ ತಲೆ ಕೆರೆದುಕೊಂಡು, "ಕೆಸರಿನ ಪಂದ್ಯ," ಎಂದ.

"ಯಾವ ಪಂದ್ಯನೋ?" ಎಂದ ಅರ್ನೊವಿಸ್.

"ಆಚೆ ದಡದೋರ ಮೇಲೆ ಆಡಿದ್ವಲ್ಲ, ಎರಡು ವರ್ಷದ ಹಿಂದೆ. ಮಳೆ. ಆಡೋವಾಗ ಕಾಲು ತೊಡೋ ಹಾಗಿಲ್ಲ ಅಂತ ಎಲ್ರೂ ಕಾಲು ಬಿಚ್ಚಿ ಬೆಂಚಿನ ಕೆಳಗೆ ಇಟ್ಟಿದ್ರಿ. ಬೆಂಚಿನ ಕೆಳಗೆಲ್ಲ ಕೆಸರು ನುಗ್ಗಿತ್ತು. ನೀವು ಗೆದ್ದು ಕುಡಿಯೋಕೆ ಹೋದ್ರಿ. ನಾನೇ ಪಾದಗಳನ್ನ ಬಿಚ್ಚಿ, ಒಂದೇ ಟಬ್ಬಲ್ಲಿ ಹಾಕಿ ತೊಳ್ದು, ಮತ್ತೆ ಜೋಡಿಸ್ದೆ." ಅವನು ನೆಲ ನೋಡಿದ. "ಎಲ್ಲಾ ಒಂದೇ ಥರ ಇದ್ವಪ್ಪ. ಒಂದು ಕೈಲಿ ಎಷ್ಟು ಅಂತ ನೋಡ್ಲಿ?"

ಅರ್ನೊವಿಸ್ ಮೇಜಿಗೆ ಒರಗಿದ.

"ಅಂದ್ರೆ ನದಿಗೆ ಬಿದ್ದಿದ್ದು ನಂದು."

"ಹೂಂ."

"ನಾನು ಅವನಿಗೆ ಅವನದ್ದೇ ಪಾದ ಎರವಲು ಕೊಟ್ಟೆ." ಅವನ ದನಿ ಇಳಿಯಿತು. "ಆ ಉಪಕಾರಕ್ಕೆ ಅಂತ ಪ್ರತಿ ಭಾನುವಾರ ಮೀನು ತಂದು ಕೊಡ್ತಿದ್ದ. ದೊಡ್ಡ ಮೀನು. ನಾನು ತಿಂತಿದ್ದೆ. ಒಂದು ಸಲ ಚಿಕ್ಕದಾಗಿದೆ ಅಂತ ಬೈದೂ ಬಿಟ್ಟೆ."

ಬಸಿಲಿಯಾ ಮುಂದೆ ಬಂದಳು. "ಒಂದು ಅಂಕಿ ತಾನೇ ಮಗಳೆ? ಏಳಕ್ಕೆ ಒಂದು ಗೆರೆ ಎಳೆದ್ರೆ ನಾಲ್ಕಾಗಲ್ವಾ?"

"ಲೋಹದಲ್ಲಿ ಕೊರ್ದಿರೋದು ದೋನ್ಯಾ."

"ಹಾಗಾದ್ರೆ ಕೊಡು ಇಲ್ಲಿ. ಅವನದ್ದು ಅವನಿಗೇ ಹಾಕಿ ಬರ್ತೀವಿ. ತುಲಿಯೊ ಇನ್ನೂ ಮುಚ್ಚಿಲ್ಲ."

"ಕೊಡೋ ಹಾಗಿಲ್ಲ," ಎಂದಳು ಆ ಹೆಂಗಸು. ಕಠಿಣವಾಗಿ ಹೇಳಲಿಲ್ಲ. ಪುಸ್ತಕದಿಂದ ಒಂದು ಹಾಳೆ ತೆಗೆದು ಯುಲೈಮಾಳ ಮುಂದಿಟ್ಟಳು. "ನಾವು ಪಾದ ದಾನ ಕೊಡೋದಲ್ಲ. ಜೀವ ಇರೋವರೆಗೆ ಎರವಲು. ತೀರ್ಕೊಂಡ್ರೆ ಮನೆಯೋರು ವಾಪಸ್ ಕೊಡ್ಬೇಕು. ಕೆಳಗಡೆ ಸಣ್ಣಕ್ಷರದಲ್ಲಿದೆ. ಅವರದ್ದೇ ಸಹಿ."

ಎದಿಲ್ಸನ್ ಸಹಿ ಮಾಡುವಾಗ ಕೊನೆಯ ಅಕ್ಷರಕ್ಕೆ ಉದ್ದದ ಬಾಲ ಎಳೆಯುತ್ತಿದ್ದ. ಬಾಲ ಕಾಗದದ ಅಂಚಿನವರೆಗೂ ಹೋಗಿತ್ತು.

"ಇದನ್ನ ಅರ್ನೊವಿಸಿಗೆ ಕೊಡೋಕಾಗಲ್ವಾ?" ಎಂದಳು ಯುಲೈಮಾ.

"ನಗರಕ್ಕೆ ಹೋಗ್ಬೇಕು. ಪಟ್ಟೀಲಿ ಮೊದಲಿರೋರಿಗೆ. ಇವರು ತಮ್ಮ ಹಳೇದು ಕೊಟ್ಟಿಲ್ಲ, ಹಾಗಾಗಿ ಕೊನೇಗೆ."

"ನಾನು ತರದೇ ಇದ್ದಿದ್ರೆ?"

ಹೆಂಗಸು ಕನ್ನಡಕ ತೆಗೆದು ಒರೆಸಿದಳು.

"ತರದೇ ಇದ್ದಿದ್ರೆ ಯಾರೂ ಕೇಳ್ತಿರ್ಲಿಲ್ಲ. ಆರು ವರ್ಷದಿಂದ ಗಾಡೀಲಿ ತಿರುಗ್ತಿದ್ದೀನಿ. ತೀರ್ಕೊಂಡೋರ ಪಾದ ತಂದುಕೊಟ್ಟೋರು ನೀವೇ ಮೊದಲು."

ಅರ್ನೊವಿಸ್ ಊರುಗೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಚೌಕದ ಆಚೆ ಅವನ ಭಾಮೈದ ಅವನ ಬೈಕಿನ ಮೇಲೆ ಕೂತು ಬಾಡಿಗೆಗೆ ಕಾಯುತ್ತ, ಹಾರ್ನ್ ಹೊಡೆದು ಕೈಬೀಸಿದ. "ಮನೆಗಾ ಭಾವ? ಬಿಡ್ಲಾ?" ಎಂದು ಕೂಗಿದ. ಅರ್ನೊವಿಸ್ ಅತ್ತ ನೋಡಲಿಲ್ಲ.

"ಅತ್ಗೆ," ಎಂದ. ಮೇಜಿನ ಮೇಲಿದ್ದ ಬೂಟನ್ನು ಎತ್ತಿ ಅವಳ ಚೀಲದೊಳಗಿಟ್ಟ.

ಹೆಂಗಸು ಇನ್ನೊಂದು ಕಾಗದ ತಂದಳು. ಹಿಂದಿರುಗಿಸುವವರು ತುಂಬಬೇಕಾದ ನಮೂನೆ. ಯಾರೂ ತುಂಬಿರದ ಕಾರಣ ಅಂಚುಗಳು ಹಳದಿಯಾಗಿದ್ದವು. ಯುಲೈಮಾ ನಿಂತೇ ಬರೆದಳು. ಹೆಸರು. ಸಂಬಂಧ. 'ಫಲಾನುಭವಿಗೆ ಉಪಕರಣ ತೃಪ್ತಿ ತಂದಿತೇ?' ಹೌದು. 'ಕೊನೆಯದಾಗಿ ಬಳಸಿದ ದಿನ.' ಅಲ್ಲಿ ಪೆನ್ನು ನಿಂತಿತು. ಹತ್ತು ದಿನದ ಹಿಂದಿನ ತಾರೀಕು ಬರೆಯಲು ಹೋಗಿ, ಬಿಟ್ಟು, ಇವತ್ತಿನ ತಾರೀಕು ಬರೆದಳು.

"ಒಂದು ಫೋಟೊ," ಎಂದಳು ಹೆಂಗಸು, ಫೋನು ಎತ್ತಿ ಗೋಲಿಯ ಕೈಗೆ ಕೊಡುತ್ತ. "ವರ್ಷದ ವರದೀಲಿ ಹಾಕ್ತೀವಿ. ನೋಡಿ ಬೇರೆಯೋರೂ ಕೊಡ್ಲಿ ಅಂತ. ನೀವೇ ಕೈಯಾರೆ ಎತ್ತಿ ಕೊಡ್ಬೇಕು. ಇಲ್ಲಿ, ಬೆಳಕಿಗೆ ಬನ್ನಿ. ಸ್ವಲ್ಪ ನಗಿ."

ಬಸಿಲಿಯಾ ಓಡಿ ಬಂದು ಯುಲೈಮಾಳ ಕೂದಲು ಸರಿಮಾಡಿ, ಮೂಗಿನಿಂದ ಕತ್ತಿಗೆ ಜಾರಿದ್ದ ಕರವಸ್ತ್ರ ಬಿಚ್ಚಿಕೊಂಡು, ತಾನೂ ಚಿತ್ರದಲ್ಲಿ ಬರುವಂತೆ ಪಕ್ಕಕ್ಕೆ ನಿಂತಳು.

ಯುಲೈಮಾ ಮೇಜಿನ ಮೇಲಿದ್ದ ಪಾದವನ್ನು ಎರಡೂ ಕೈಯಲ್ಲಿ ಎತ್ತಿದಳು. ಬೂಟಿಲ್ಲದೆ, ಕವಚವಿಲ್ಲದೆ, ಅದು ತೀರ ಹಗುರವಾಗಿತ್ತು. ಬೆರಳುಗಳ ಕಡೆ ಅವಳತ್ತಲೇ ಇತ್ತು. ಹೊರಟು ನಿಂತವನ ಪಾದದಂತೆ ಅದನ್ನು ಆಚೆಗೆ ತಿರುಗಿಸಿ, ಕೊಟ್ಟಳು.